ಕುಂಚಿಗೆಗೆ ಕಲ್ಲು ಹೊಲಿದದ್ದು

ಹೊಸ ಬಟ್ಟೆ ತೊಟ್ಟವರು ಎದುರಿಗೆ ಬಂದರೆ ನನಗೆ ಅವರ ಮುಖಕ್ಕಿಂತ ಮೊದಲು ತೋಳು ಕಾಣಿಸುತ್ತದೆ. ಕಂಡರೆ ಸಾಲದು, ಮುಟ್ಟಬೇಕು. ಹೆಬ್ಬೆರಳು ತೋರುಬೆರಳಿನ ನಡುವೆ ಅಂಚು ಹಿಡಿದು, ಗಿರಣಿಯಲ್ಲಿ ಹಿಟ್ಟು ಸಣ್ಣಗಾಯಿತೋ ಇಲ್ಲವೋ ಎಂದು ನೋಡುವವರ ಹಾಗೆ ಒಂದು ಸಲ ತಿಕ್ಕಬೇಕು. ಆಮೇಲಷ್ಟೇ "ಆರಾಮ್ ಇದ್ದೀರೇನ್ರಿ" ಎಂಬ ಮಾತು ಬಾಯಿಗೆ ಬರುತ್ತದೆ. ಇದು ಒಳ್ಳೆಯ ಚಟವಲ್ಲ ಎಂದು ನನಗೂ ಗೊತ್ತು. ಒಮ್ಮೆ ವಾಡಿಯಿಂದ ಚಿತ್ತಾಪುರಕ್ಕೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟಿನ ಹಿರಿಯರೊಬ್ಬರ ಶಾಲಿನ ತುದಿ ನನ್ನ ಮೊಣಕಾಲಿನ ಮೇಲೆ ಬಂದು ಕೂತಿತು. ತಾನಾಗಿಯೇ ಬಂದದ್ದು, ನಾನು ಕರೆದಿರಲಿಲ್ಲ. ಕೈ ತನ್ನ ಕೆಲಸ ಶುರು ಮಾಡಿತು. ಹಿರಿಯರು ಹೊರಳಿ ನೋಡಿದರು.

"ತಗೊಳಾಂವ ಇದ್ದಿ ಏನ್ ತಮ್ಮಾ?"

"ಇಲ್ರಿ ಕಾಕಾ, ಸುಮ್ನ ನೋಡ್ಲಿಕತ್ತಿದ್ದೆ."

"ನೋಡೂದು ಕಣ್ಣಿಲೆ ನೋಡ್ತಾರ. ಕೈಲೆ ನೋಡಾಂವಗ ಏನಂತಾರ ಗೊತ್ತದ ಇಲ್ಲ?"

ಇಡೀ ಬಸ್ಸು ನನ್ನತ್ತ ತಿರುಗಿತು. ಗಾಬರಿಯಾದಾಗ ನನಗೆ ನನ್ನ ದನಿ ಸಿಗುವುದಿಲ್ಲ, ಬೇರೆಯವರದು ಸಿಗುತ್ತದೆ. ಆವತ್ತು ಕಂಡಕ್ಟರನ ದನಿ ಸಿಕ್ಕಿತು. "ಹೋಲ್ಡಾನ್!" ಎಂದು ಕೂಗಿಬಿಟ್ಟೆ. ಡ್ರೈವರ್ ಗಪ್ಪನೆ ಬ್ರೇಕ್ ಹಾಕಿದ. ಇಳಿಯದೆ ಬೇರೆ ದಾರಿ ಉಳಿಯಲಿಲ್ಲ. ಉಳಿದ ದಾರಿಯನ್ನು ಬಿಸಿಲಲ್ಲಿ ನಡೆದೆ. ಶಾಲು ಮಾತ್ರ ಒಳ್ಳೆಯ ಉಣ್ಣೆಯದಾಗಿತ್ತು.

ನನ್ನ ಬಾಯಿಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಡವಾಗಿದೆ ಎಂದು ವಿಷಾದಿಸುವ ಹೆಂಗಸು, ಸಂತೆಯಲ್ಲಿ ಬೆಳ್ಳುಳ್ಳಿ ಮಾರುವ ಮುದುಕ, ನಿದ್ದೆಗಣ್ಣಿನ ನಮ್ಮಪ್ಪ, ಫೋನಿನಲ್ಲಿ ದೊಡ್ಡವರೊಂದಿಗೆ ಮಾತಾಡುವಾಗ ಒಮ್ಮೆಲೆ ಮೆತ್ತಗಾಗುವ ನಮ್ಮ ಓಣಿಯ ಲೀಡರು, ಇವರೆಲ್ಲ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ನಾನು ನನ್ನನ್ನೂ ಅಣಕಿಸುತ್ತೇನೆ. ಸಂದರ್ಶನಕ್ಕೆ ಹೋಗಿ "ಯೆಸ್ ಸರ್" ಎನ್ನಲು ಬಾಯಿ ತೆರೆದು "ಹೂಂ ರೀ" ಎಂದು ಬಂದ ಬಿ.ಕಾಂ. ಪದವೀಧರನ ನಕಲು ಮಾಡಿದರೆ ನಮ್ಮವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಅದರಲ್ಲಿ ನಗುವಿನ ನೀರೆಷ್ಟು, ಮತ್ತೊಂದರ ನೀರೆಷ್ಟು ಎಂದು ನಾನು ಕೇಳಲು ಹೋಗಿಲ್ಲ.

ಆ ಸಂದರ್ಶನದ ಪುಣ್ಯದಿಂದಲೇ ನಾನು ಶಹಾಬಾದಿನ ಬಜಾರಿನಲ್ಲಿ ಖಾದರ್ ಚಾಚಾನ ಮಷೀನಿನ ಮುಂದೆ ಕೂತದ್ದು. ಚಾಚಾ ಬ್ಲೌಜುಗಳಿಗೆ ಮಷೀನಿನಿಂದ ಹೂವು ಬಳ್ಳಿ ಕಸೂತಿ ಹಾಕುವವನು. ಮೊದಲ ದಿನ ಅವನು ಮಾಡಿದ ಕೆಲಸ ಕಂಡು ನನಗೆ ದಿಗಿಲಾಯಿತು. ಬಟ್ಟೆಯನ್ನು ಒತ್ತಿ ಹಿಡಿಯುವ ಲೋಹದ ಪಾದವನ್ನು ಬಿಚ್ಚಿ ಬದಿಗಿಟ್ಟ. ಬಟ್ಟೆಯನ್ನು ಮುಂದಕ್ಕೆ ದಬ್ಬುವ ಹಲ್ಲುಗಳನ್ನು ಕೆಳಗಿಳಿಸಿದ. ಬಟ್ಟೆಯನ್ನು ಬಳೆಯಂಥ ರಿಂಗಿಗೆ ತಮಟೆಯ ಚರ್ಮದಂತೆ ಬಿಗಿದ. ಈಗ ಮಷೀನಿಗೆ ಕಾಲೂ ಇಲ್ಲ, ಹಲ್ಲೂ ಇಲ್ಲ. ಸೂಜಿ ನಿಂತಲ್ಲೇ ಮೇಲೆ ಕೆಳಗೆ ಕುಣಿಯುತ್ತದೆ, ಬಟ್ಟೆಯನ್ನು ಎಲ್ಲಿಗೆ ಒಯ್ಯಬೇಕು ಎಂಬುದು ಪೂರಾ ನಮ್ಮ ಕೈಗೆ ಬಿಟ್ಟದ್ದು.

"ಪೆನ್ನು ನಿಂತದ, ಕಾಗದ ತಿರಗ್ತದ. ಸಮಝಾ ಕ್ಯಾ?" ಎಂದ ಚಾಚಾ.

ಸಮಝಾ ಆಗಿರಲಿಲ್ಲ. ನನ್ನ ಮೊದಲ ನವಿಲು ಕೋಳಿಯಾಯಿತು. ಎರಡನೆಯದು ಕೂಡ ಕೋಳಿಯೇ, ಆದರೆ ಸಿಟ್ಟಿಗೆದ್ದ ಕೋಳಿ. ಚಾಚಾ ಅದನ್ನು ಬಿಸಾಡಲಿಲ್ಲ. "ಇಂವಗ ನವಿಲು ಬರಲ್ಲ, ಖರೆ. ಆದ್ರ ಕೋಳಿ ಪುಕ್ಕ ನೋಡು, ಕೈ ಇಟ್ರ ಕುಟುಕ್ತದ" ಎಂದು ಗಿರಾಕಿಗಳಿಗೆ ತೋರಿಸಿದ. ಆವತ್ತೇ ನನಗೆ ತಿಳಿದದ್ದು: ನನಗೆ ಗೆರೆ ಬರುವುದಿಲ್ಲ, ಮೈ ಬರುತ್ತದೆ. ಒಂದು ವಸ್ತು ಹೇಗೆ ಕಾಣುತ್ತದೆ ಎಂಬುದಕ್ಕಿಂತ ಬೆರಳಿಗೆ ಹೇಗೆ ಹತ್ತುತ್ತದೆ ಎಂಬುದು ನನ್ನ ಕೈಗೆ ಬೇಗ ಸಿಗುತ್ತದೆ. ಬಾಯಿಂದ ಮಾಡುವ ನಕಲು ನಕ್ಕವರ ಜೊತೆ ಎದ್ದು ಹೋಗುತ್ತದೆ. ದಾರದಿಂದ ಮಾಡಿದ್ದು ಬಟ್ಟೆಯ ಮೇಲೆ ಕೂತೇ ಇರುತ್ತದೆ, ಮರುದಿನವೂ ನಮ್ಮ ಮುಖ ನೋಡುತ್ತದೆ.

ಇನ್ನು ಅಸಲು ಕಥೆ. ನಮ್ಮ ಅಕ್ಕ ಸುನಂದಾಳನ್ನು ಕೊಟ್ಟದ್ದು ಸುಲೇಪೇಟಕ್ಕೆ. ಅವಳ ಅತ್ತೆ ಗುರುಬಾಯಿ. ನಾನೂ ಅತ್ತಿ ಎಂದೇ ಕರೆಯುತ್ತೇನೆ. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಆಡಿದ ಮಾತಿಗೆ ಎರಡನೆಯ ಮಾತಿಲ್ಲ. ಅವರ ಮನೆಯ ಒಳಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕು ಇದೆ. ಮನಸ್ಸಿಗೆ ಬಂದ ಸಾಮಾನು ಮನೆಯಲ್ಲಿ ಓಡಾಡುತ್ತದೆ, ಬರದೇ ಇದ್ದದ್ದು ಟ್ರಂಕಿಗೆ ಹೋಗುತ್ತದೆ. ಟ್ರಂಕಿಗೆ ಹೋದದ್ದು ಮರಳಿ ಬೆಳಕು ಕಂಡ ಉದಾಹರಣೆ ಇಲ್ಲ ಎಂದು ಅಕ್ಕ ಹೇಳುತ್ತಾಳೆ. ಅಕ್ಕನ ಮದುವೆಯಲ್ಲಿ ನಮ್ಮವ್ವ ಕಲಬುರ್ಗಿಯ ದೊಡ್ಡ ಅಂಗಡಿಯಿಂದ ಹಾಸಿಗೆ ಹೊದಿಕೆಯ ಸೆಟ್ಟು ತಂದು ಬೀಗರಿಗೆ ಉಡುಗೊರೆ ಕೊಟ್ಟಿದ್ದಳು. ಗುರುಬಾಯಿ ಅತ್ತಿ ಪ್ಲಾಸ್ಟಿಕ್ ಚೀಲದ ಮೇಲಿನಿಂದಲೇ ಒಮ್ಮೆ ನೋಡಿ, "ಅಂಗಡೀದು. ಟ್ರಂಕಿನಾಗ ಇಡ್ರಿ" ಎಂದಳು. ಅಷ್ಟೇ. ಬೈಗುಳವಲ್ಲ, ಜಗಳವಲ್ಲ. ಆದರೆ ನಮ್ಮವ್ವನಿಗೆ ಅದು ಪಕ್ಕೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿಯಿತು. ನಾನು ಆ ಮಾತನ್ನು ಅದೇ ದನಿಯಲ್ಲಿ, ಅದೇ ಹುಬ್ಬಿನಲ್ಲಿ ಮಾಡಿ ತೋರಿಸುತ್ತಿದ್ದೆ. ಊರೆಲ್ಲ ನಗುತ್ತಿತ್ತು. ಅವ್ವ ಮಾತ್ರ ಆ ನಕಲಿಗೆ ನಗುತ್ತಿರಲಿಲ್ಲ.

ಅಕ್ಕ ಹೆರಿಗೆಗೆ ಬಂದಳು. ನಮ್ಮ ಕಡೆ ತೊಟ್ಟಿಲ ದಿನ ಕೂಸಿಗೆ ತವರು ಮನೆಯಿಂದ ಕುಂಚಿಗೆ ಹಾಕಬೇಕು. ತಲೆಗೆ ಟೊಪ್ಪಿಗೆ, ಅದರಿಂದಲೇ ಇಳಿದು ಬೆನ್ನ ಮೇಲೆ ಹರಡುವ ಸೆರಗು, ಅಂಚಿಗೆ ಗೊಂಡೆ. ಒಬ್ಬ ಪುಟ್ಟ ರಾಜನ ಉಡುಪು ಅದು, ರಾಜನಿಗೆ ಮೈಮೇಲೆ ಬೇರೇನೂ ಇರುವುದಿಲ್ಲ ಅಷ್ಟೇ. ಅದನ್ನು ಕೂಸಿಗೆ ತೊಡಿಸುವುದು ಗಂಡಿನ ಮನೆಯ ಹಿರಿಯ ಹೆಂಗಸಿನ ಕೈಯಿಂದ, ಅಂದರೆ ಗುರುಬಾಯಿ ಅತ್ತಿಯ ಕೈಯಿಂದ.

"ಈ ಸಲ ಅಂಗಡೀದು ತರೂದಿಲ್ಲ. ನೀ ಮಾಡು" ಎಂದಳು ಅವ್ವ ನನಗೆ. "ಇದು ಟ್ರಂಕಿಗಿ ಹೋಗಬಾರದು, ಮಲ್ಲು" ಎಂದು ಸೇರಿಸಿದಳು.

ಮರುಕ್ಷಣ ನನಗೆ ಹೊಳೆದದ್ದು ಕಲ್ಲು. ಶಹಾಬಾದಿನಲ್ಲಿ ಹುಟ್ಟಿದವನಿಗೆ ಇನ್ನೇನು ಹೊಳೆಯಬೇಕು? ನಾವು ನೆಲಕ್ಕೆ ಹಾಸುವುದು ಕಲ್ಲು, ಛಾವಣಿಗೆ ಹೊಚ್ಚುವುದು ಕಲ್ಲು, ಕಂಪೌಂಡಿಗೆ ಕಲ್ಲು ನಿಲ್ಲಿಸುತ್ತೇವೆ, ಬಟ್ಟೆ ಒಗೆಯುವುದು ಕಲ್ಲ ಮೇಲೆ, ಬೇಸಿಗೆಯಲ್ಲಿ ಅಂಗಿ ಬಿಚ್ಚಿ ಮಲಗುವುದು ತಣ್ಣನೆಯ ಕಲ್ಲ ಮೇಲೆ. ಚಿಕ್ಕವನಿದ್ದಾಗ ನಾನು ಕೆನ್ನೆಯನ್ನು ಅಂಗಳದ ಫರಸಿಗಲ್ಲಿಗೆ ಒತ್ತಿ ಮಲಗಿ, ಏಳುವಾಗ ಮುಖದ ಮೇಲೆ ಅದರ ಗೆರೆಗಳನ್ನು ಅಚ್ಚು ಹಾಕಿಸಿಕೊಂಡು ಶಾಲೆಗೆ ಹೋಗುತ್ತಿದ್ದೆ. ಕಲ್ಲಿನ ಆ ಪದರು ಪದರು ಮೈಯನ್ನು ದಾರದಲ್ಲಿ ತರಬೇಕು ಎನಿಸಿತು. ಬರೀ ಕಲ್ಲಲ್ಲ, ತವರಿನಿಂದ ಗಂಡನ ಮನೆಯವರೆಗೆ ಅಕ್ಕ ಹೋಗಿ ಬರುವ ಇಡೀ ದಾರಿ. ಟೊಪ್ಪಿಗೆಯ ಮೇಲೆ ಶಹಾಬಾದಿನ ಕಲ್ಲು, ಹೆಗಲ ಮೇಲೆ ವಾಡಿಯ ಗೂಡ್ಸ್ ಗಾಡಿ, ನಡುಬೆನ್ನಿಗೆ ಸೇಡಮ್ಮಿನ ಕಾಗಿಣಾ ನದಿ, ಕೆಳಗೆ ಅಂಚಿನುದ್ದಕ್ಕೂ ಸುಲೇಪೇಟದ ತೊಗರಿ ಹೊಲ, ಚಿಂಚೋಳಿ ಕಡೆಯ ಕಾಡಿಗೆ ಹಸಿರು ಗೊಂಡೆ.

ಅವ್ವನಿಗೆ ಹೇಳಿದೆ. ಅವಳು ಎದೆಗೆ ಕೈ ಹಚ್ಚಿದಳು.

"ಕಲ್ಲಾ? ಕೂಸಿನ ನೆತ್ತಿ ಮ್ಯಾಲ ಕಲ್ಲು ಹೊರಸ್ತಿ ಏನ್ ಹುಚ್ಚಪ್ಯಾಲಿ? ಗಿಣಿ ಇಲ್ಲಾ? ನವಿಲಿಲ್ಲಾ?"

"ನವಿಲು ಮಾಡಿದ್ರ ಕೋಳಿ ಆಗ್ತದ ಯವ್ವಾ. ಬೀಗರು ಕೋಳಿ ಕುಂಚಿಗಿ ಅಂತಾರ. ನಡೀತದೇನು?"

ನಡೆಯುವ ಹಾಗಿರಲಿಲ್ಲ. ನಾವು ಶರಣರ ವಚನ ಹೇಳಿಕೊಂಡು ಬಂದ ಮನೆತನ, ಅವರದ್ದೂ ಅದೇ. ಕೋಳಿ ಎರಡೂ ಕಡೆ ಬೇಡವಾದ ಹಕ್ಕಿ. ಕಲ್ಲು ಗೆದ್ದಿತು.

ಆದರೆ ಅವ್ವ ತನ್ನ ಪಾಲಿನ ಶಾಸ್ತ್ರ ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ನಾನೂ ಅಕ್ಕನೂ ಇಬ್ಬರೂ ತೊಟ್ಟು ಬೆಳೆದ ಹಳೆಯ ಕುಂಚಿಗೆಯನ್ನು ಅಳತೆಗೆ ಇಟ್ಟುಕೊಂಡು, ಆಕಾಶಬಣ್ಣದ ಹೊಸ ಬಟ್ಟೆಯನ್ನು ತಾನೇ ಕತ್ತರಿಸಿ ನನ್ನ ಕೈಗೆ ಕೊಟ್ಟಳು. ಇನ್ನೊಂದು ಅಪ್ಪಣೆ: ತೊಟ್ಟಿಲಿಗೆ ಮೊದಲು ಹೊಸ ಕುಂಚಿಗೆ ಕೂಸಿನ ಮೈ ಮುಟ್ಟಬಾರದು. ಮತ್ತೂ ಒಂದು: ಕೂಸಿಗೆ ಚುಚ್ಚುವಂಥದ್ದು ಒಳಗೆ ಏನೂ ಇರಬಾರದು. ಕಸೂತಿ ಹಾಕುವಾಗ ಬಟ್ಟೆ ಮುದುಡದಂತೆ ಅಡಿಗೆ ಬಿರುಸಾದ ಬಕ್ರಂ ಇಡುತ್ತೇವೆ. ಅದು ಬೇಡವೆಂದಳು. ಮೆತ್ತನೆಯ ಹಳೆಯ ಧೋತರದ ತುಂಡು ಇಟ್ಟೆ.

ಕತ್ತರಿಸಿದ ತುಂಡುಗಳನ್ನು ಕಂಡು ಖಾದರ್ ಚಾಚಾ ಕನ್ನಡಕ ಹಣೆಗೇರಿಸಿದ.

"ಮದ್ಲು ಸೂಜಿ, ಆಮ್ಯಾಲ ಕೈಂಚಿ ಅಂತ ಎಷ್ಟ್ ಸಲ ಹೇಳೀನಿ ನಿನಗ?"

"ಅವ್ವ ಸೋಮವಾರ ಕತ್ತರಿಸ್ಯಾಳ, ಚಾಚಾ."

"ಅಮ್ಮಾ ಕತ್ತರಿಸ್ಯಾರಾ?" ಚಾಚಾ ಕನ್ನಡಕವನ್ನು ಮತ್ತೆ ಮೂಗಿಗಿಳಿಸಿದ. "ಹಂಗಾರ ಮುಗೀತು. ಅಮ್ಮಾನ ಮುಂದ ನನ್ನ ಮಾತು ನಡೀಯಲ್ಲ."

ಕೆಲಸ ಮನೆಯಲ್ಲೇ, ಪಡಸಾಲೆಯಲ್ಲಿದ್ದ ನಮ್ಮ ಸ್ವಂತ ಮಷೀನಿನ ಮೇಲೆ. ಕಲ್ಲಿಗೆ ಬೂದಿ ಬಣ್ಣದ ಒಂದೇ ದಾರ ಸಾಲದು. ನಮ್ಮ ಕಲ್ಲು ಒಣಗಿದಾಗ ಒಂದು ಬಣ್ಣ, ನೀರು ಬಿದ್ದಾಗ ನೇರಳೆಯ ನೆರಳಿನ ಮತ್ತೊಂದು ಬಣ್ಣ. ಸೂಜಿಗೆ ತಿಳಿಬೂದಿ, ಕೆಳಗಿನ ಬಾಬಿನ್ನಿಗೆ ಕಡುನೀಲಿ ಹಾಕಿ, ಮೇಲಿನ ದಾರವನ್ನು ಬೇಕೆಂದೇ ಬಿಗಿ ಮಾಡಿದೆ. ಒಳಗಿನ ನೀಲಿ ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿ ಮೇಲೆ ಇಣುಕಿತು. ಬಜಾರಿನಲ್ಲಿ ಇದಕ್ಕೆ ಕೆಟ್ಟ ಹೊಲಿಗೆ ಎನ್ನುತ್ತಾರೆ. ನನಗೆ ಕಲ್ಲಿನ ಕಣ ಸಿಕ್ಕಿತು. ಪದರು ಏಳಬೇಕಾದಲ್ಲಿ ಅಡಿಗೆ ದಪ್ಪ ನೂಲಿನ ಹುರಿ ಇಟ್ಟು, ಅದರ ಮೇಲೆ ಅಡ್ಡಡ್ಡ ಓಡಿಸಿದೆ, ಓಡಿಸಿದ್ದರ ಮೇಲೆ ಮತ್ತೆ ಓಡಿಸಿದೆ. ಮಷೀನು ಗರ್ರ್ ಎನ್ನುತ್ತಿತ್ತು. ಆಗಷ್ಟೇ ಹುಟ್ಟಿದ್ದ ಕೂಸು ಒಳಗೆ ಆ ಸದ್ದಿಗೆ ಮಲಗುತ್ತಿತ್ತು, ಸದ್ದು ನಿಂತರೆ ಅಳುತ್ತಿತ್ತು. "ನಿಲ್ಲಸಬ್ಯಾಡೋ, ಈಗ ಕಣ್ಣು ಮುಚ್ಚ್ಯಾಳ" ಎಂದು ಅಕ್ಕ ಒಳಗಿನಿಂದ ಕೂಗುವಳು. ನಾನು ಬೇಕಾದದ್ದಕ್ಕಿಂತ ಹೆಚ್ಚು ಕಲ್ಲು ಹೊಲಿದೆನಾದರೆ ಅದರಲ್ಲಿ ಸೊಸೆಯ ನಿದ್ದೆಯ ಪಾಲೂ ಇದೆ. ಹೌದು, ನಮ್ಮಲ್ಲಿ ಅಕ್ಕನ ಮಗಳನ್ನು ಸೊಸೆ ಎನ್ನುತ್ತಾರೆ. ಹುಟ್ಟಿದ ದಿನವೇ ನಾನು ಮಾವನಾಗಿ ಮುದುಕನಾದೆ.

ವಾಡಿಯ ಗಾಡಿಗೆ ಕಂದು ದಾರದಲ್ಲಿ ಡಬ್ಬಿಗಳ ಸಾಲು ಮಾಡಿ, ಅದರ ಮೇಲೆ ಸೊಳ್ಳೆಪರದೆಯ ಬಿಳಿ ಜಾಳಿಗೆಯ ಚೂರು ಹೊಲಿದೆ. ಸಿಮೆಂಟಿನ ಧೂಳು ಇಲ್ಲದ ವಾಡಿಯನ್ನು ಯಾರು ನಂಬುತ್ತಾರೆ? ತೊಗರಿಯ ಹೂವಿಗೆ ಹಳದಿ ದಾರವನ್ನು ಒಂದೇ ಕಡೆ ಸುತ್ತಿ ಸುತ್ತಿ ಗಂಟು ಮಾಡಿ, ನಡುನಡುವೆ ಕೆಂಪು ಚುಚ್ಚಿದೆ. ಬೆರಳು ಆಡಿಸಿದರೆ ಹೊಲದಲ್ಲಿ ನಡೆದಂತೆ ತಡೆಯುತ್ತಿತ್ತು. ಚಿತ್ತಾಪುರಕ್ಕೆ ಬರುವಷ್ಟರಲ್ಲಿ ಜಾಗ ಮುಗಿದು ಒಂದು ಜಾಲಿಮರ ಮಾತ್ರ ಕೊಡಲು ಸಾಧ್ಯವಾಯಿತು. ಅಲ್ಲಿಯ ನನ್ನ ಗೆಳೆಯ ಇನ್ನೂ ಮಾತು ಬಿಟ್ಟಿದ್ದಾನೆ. ಎಲ್ಲಕ್ಕಿಂತ ಕಾಡಿದ್ದು ನದಿ. ನೀಲಿ ದಾರ ಹಾಕಿದೆ, ಬಿಚ್ಚಿದೆ. ಬೆಳ್ಳಿ ಜರಿ ಹಾಕಿದೆ, ಬಿಚ್ಚಿದೆ. ಕೊನೆಗೆ ಬೇಸತ್ತು ಏನೂ ಹಾಕದೆ ಬಿಟ್ಟಾಗ, ಎರಡೂ ದಂಡೆಯ ಒರಟು ಹೊಲಿಗೆಯ ನಡುವೆ ಬರಿಯ ಆಕಾಶಬಣ್ಣದ ಬಟ್ಟೆ ನುಣ್ಣಗೆ ಹರಿಯುತ್ತಿತ್ತು. ಕಾಗಿಣಾ ತಾನಾಗಿ ಬಂದಿದ್ದಳು. ನನ್ನ ಕೆಲಸದಲ್ಲಿ ನಾನು ಕೈ ಹಚ್ಚದ ಜಾಗವೇ ಚೆಂದವಾಯಿತು ಎಂದು ಅಕ್ಕ ಈಗಲೂ ಆಡಿಕೊಳ್ಳುತ್ತಾಳೆ.

ಮುಗಿದ ದಿನ ಅಡುಗೆಮನೆಗೆ ಒಯ್ದು, "ಯವ್ವಾ, ಕಣ್ಣು ಮುಚ್ಚು" ಎಂದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ತೊಳೆದು ಒರೆಸಿಕೊಂಡು ಕಣ್ಣು ಮುಚ್ಚಿದಳು. ಅವಳ ಕೈಯನ್ನು ಟೊಪ್ಪಿಗೆಯ ಮೇಲೆ ಇಟ್ಟೆ. ಬೆರಳು ಪದರಿನಿಂದ ಪದರಿಗೆ ಇಳಿಯಿತು, ನಿಂತಿತು, ಮತ್ತೆ ಇಳಿಯಿತು.

"ಇದು ನಮ್ಮ ಅಂಗಳ" ಎಂದಳು.

ನಾನು ಯಾರ ನಕಲನ್ನೂ ಮಾಡಲಿಲ್ಲ.

ತೊಟ್ಟಿಲ ದಿನ ಬೀಗರು ಸುಲೇಪೇಟದಿಂದ ಕ್ರೂಸರ್ ಮಾಡಿಕೊಂಡು ಬಂದರು. ಗಾಡಿಯಲ್ಲಿ ಹಿಡಿಸುವುದಕ್ಕಿಂತ ಹೆಚ್ಚು ಹೆಣ್ಣುಮಕ್ಕಳು, ಅವರ ನಡುವೆ ಗುರುಬಾಯಿ ಅತ್ತಿ. ನಮ್ಮವ್ವ ಬೆಳಗಿನಿಂದ ಎರಡು ಸಲ ಸೀರೆ ಬದಲಿಸಿದ್ದಳು. "ಬರ್ರಿ, ಕುಂದ್ರಿ, ನೀರು ಕುಡೀರಿ" ಎಲ್ಲ ಆದ ಮೇಲೆ ಕುಂಚಿಗೆಯನ್ನು ತಟ್ಟೆಯಲ್ಲಿಟ್ಟು ತಂದು, "ನಮ್ಮ ಮಲ್ಲು ಮಾಡ್ಯಾನ್ರಿ. ಅಂಗಡೀದಲ್ಲ" ಎಂದಳು. ಕೊನೆಯ ಶಬ್ದ ಸ್ವಲ್ಪ ಗಟ್ಟಿಯಾಗಿಯೇ ಬಂತು.

ಅತ್ತಿ ಎತ್ತಿ ಹಿಡಿದು ನೋಡಿದಳು. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ.

"ಇದ್ಯಾವೂರು?"

"ಮ್ಯಾಲ ಶಹಾಬಾದ್ರಿ ಅತ್ತಿ. ಕೆಳಗ ಸುಲೇಪೇಟ" ಎಂದೆ.

"ನಿಮ್ಮೂರು ತಲಿ ಮ್ಯಾಲ, ನಮ್ಮೂರು ಕಾಲ ಬಲ್ಲಿ?"

ಇಷ್ಟು ದಿನ ಮಷೀನಿನ ಮುಂದೆ ಕೂತವನಿಗೆ ಇದು ಹೊಳೆದಿರಲಿಲ್ಲ ನೋಡಿ. "ಹೊರಡೂದು ಇಲ್ಲಿಂದ ಖರೆ ಅತ್ತಿ, ಹೋಗಿ ಮುಟ್ಟೂದು ನಿಮ್ಮೂರಿಗೇ ಅಲ್ಲೇನ್ರಿ?" ಎಂದೆ. ಬಂದ ಹೆಂಗಸರಲ್ಲಿ ಒಬ್ಬಿಬ್ಬರು ಕಿಸಕ್ಕೆಂದರು. ಅತ್ತಿಯ ಹುಬ್ಬು ಮೇಲೇರಿದ್ದು ಅಲ್ಲೇ ನಿಂತಿತು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಂಚಿಗೆ ತೊಡಿಸಲು ಹೋದಳು.

ಟೊಪ್ಪಿಗೆ ಇಳಿಯಲಿಲ್ಲ.

ಇನ್ನೊಮ್ಮೆ ಎಳೆದಳು. ಅದು ಕೂಸಿನ ನೆತ್ತಿಯ ಮೇಲೆ ಗಡಿಗೆಯ ಮುಚ್ಚಳದ ಹಾಗೆ ಕೂತಿತು. ಕೂಸು ಕಣ್ಣು ತೆರೆದು, ಮುಖ ಕೆಂಪಗೆ ಮಾಡಿ, ಇಡೀ ಶಹಾಬಾದಿಗೆ ಕೇಳುವಂತೆ ಕಿರುಚಿತು. ಹೊಲಿಗೆ ದಟ್ಟವಾದಷ್ಟೂ ಬಟ್ಟೆ ಒಳಗೊಳಗೇ ಎಳೆದುಕೊಂಡು ಚಿಕ್ಕದಾಗುತ್ತದೆ. ಅಡಿಗೆ ಬಕ್ರಂ ಇಲ್ಲದಿದ್ದರೆ ಇನ್ನೂ ಹೆಚ್ಚು. ಅದಕ್ಕಾಗಿಯೇ ಮೊದಲು ಕಸೂತಿ, ಆಮೇಲೆ ಕತ್ತರಿ. ನಮ್ಮ ಮನೆಯಲ್ಲಿ ಸೋಮವಾರ ಮೊದಲು ಬಂದಿತ್ತು. ತೊಡಿಸಿ ನೋಡುವ ಹಾಗೂ ಇರಲಿಲ್ಲ. ಶಾಸ್ತ್ರ ಎಲ್ಲ ಸರಿಯಾಗಿ ನಡೆದು, ಅಳತೆ ಒಂದೇ ತಪ್ಪಿತ್ತು.

"ಏನ್ ಬೀಗತಿ, ನಿಮ್ಮ ಶಹಾಬಾದ ನಮ್ಮ ಕೂಸಿನ ತಲಿಗಿ ಸಾಲವಲ್ದಲ್ಲ!" ಎಂದಳು ಅತ್ತಿ.

ಸುಲೇಪೇಟದವರೆಲ್ಲ ನಕ್ಕರು. ಅವ್ವ ನಗಲು ನೋಡಿದಳು, ತುಟಿ ಒಪ್ಪಲಿಲ್ಲ. ಅವಳ ಕಣ್ಣಲ್ಲಿ ಆಗಲೇ ಆ ಟ್ರಂಕಿನ ಮುಚ್ಚಳ ತೆರೆಯುತ್ತಿದ್ದುದು ನನಗೆ ಕಾಣಿಸಿತು. ನನ್ನ ಗಂಟಲಲ್ಲಿದ್ದ ಅಷ್ಟೂ ಜನ ಆ ಹೊತ್ತಿಗೆ ಖಾಲಿ ಮಾಡಿಕೊಂಡು ಹೋಗಿದ್ದರು. "ಅತ್ತಿ, ತಪ್ಪು ನಂದರಿ. ಬಿಚ್ಚಿ ಬ್ಯಾರೆ ಟೊಪ್ಪಿಗಿ ಹಚ್ಚಿ ಕೊಡ್ತೀನಿ" ಎಂದೆ. ನನ್ನದೇ ದನಿ, ಅದೂ ಒಡೆದದ್ದು.

ಅತ್ತಿಯ ಕಣ್ಣು ತೊಟ್ಟಿಲ ಕಡೆ ಹೋಯಿತು. ತೊಟ್ಟಿಲ ಪಕ್ಕದಲ್ಲಿ ಗುಂಡುಕಲ್ಲು ಕೂತಿತ್ತು. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಖಾರ ಅರೆಯುವ ಗುಂಡನ್ನು ತೊಳೆದು, ವಿಭೂತಿ ಹಚ್ಚಿ, ಕೂಸಿನಂತೆಯೇ ಕುಂಚಿಗೆ ತೊಡಿಸಿ ತೊಟ್ಟಿಲಲ್ಲಿ ಮಲಗಿಸಿ ತೂಗುತ್ತಾರೆ. ತೊಟ್ಟಿಲ ಆ ಕಡೆ ಈ ಕಡೆ ಹೆಂಗಸರು ನಿಂತು, ಗುಂಡಪ್ಪ ಎಂದು ಕರೆಯುತ್ತ, ಅದನ್ನು ತೊಟ್ಟಿಲ ಅಡಿಯಿಂದ ತೂರಿಸಿ ಕೈಯಿಂದ ಕೈಗೆ ದಾಟಿಸುತ್ತಾರೆ. ಕೂಸು ಗುಂಡಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಅವತ್ತು ಗುಂಡಪ್ಪನಿಗೆ ಅವ್ವ ನಮ್ಮ ಹಳೆಯ ಕುಂಚಿಗೆ ತೊಡಿಸಿದ್ದಳು.

"ಆ ಹಳೀದು ಇಕಡಿ ತರ್ರಿ" ಎಂದಳು ಅತ್ತಿ. ಗುಂಡಿನ ಮೈಯಿಂದ ಬಿಚ್ಚಿ ಕೂಸಿಗೆ ತೊಡಿಸಿದಳು. ಸರಿಯಾಗಿ ಕೂತಿತು. ಕೂಸಿನ ಅಳು ನಿಂತಿತು. "ಹೊಸಾದು ಗುಂಡಪ್ಪಗ ಹಾಕ್ರಿ."

ಹೀಗೆ ನಾನು ಹೊಲಿದ ಕುಂಚಿಗೆ ಕಲ್ಲಿಗೆ ಹೋಯಿತು. ಹೇಳಿ ಮಾಡಿಸಿದ ಹಾಗೆ ಕೂತಿತು ಎಂಬುದೇ ಇನ್ನೊಂದು ಅವಮಾನ. ಅವ್ವ ಆರತಿ ತಟ್ಟೆಯ ಎಣ್ಣೆ ಸರಿಮಾಡುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು. ಇದಕ್ಕಿಂತ ಟ್ರಂಕೇ ಲೇಸಿತ್ತೇನೋ.

ಹೆಂಗಸರು ಎರಡು ಬದಿ ನಿಂತರು. ಗುಂಡಪ್ಪ ತೊಟ್ಟಿಲ ಅಡಿಯಿಂದ ಮೊದಲ ಕೈಗೆ ಹೋದ. ಅಲ್ಲಿಂದ ಎರಡನೆಯ ಕೈಗೆ ಹೋಗಬೇಕು. ಹೋಗಲಿಲ್ಲ. ಹಿಡಿದವಳು ಟೊಪ್ಪಿಗೆಯನ್ನು ಸವರುತ್ತ ನಿಂತುಬಿಟ್ಟಿದ್ದಳು.

"ಏ, ಇಕಿ ಏನ್ ಹಿಡಕೊಂಡು ನಿಂತಾಳ? ದಾಟಸವ್ವ!"

"ತಡಿಯೇ. ಕಲ್ಲು ಒಳಗದನೋ ಹೊರಗದನೋ ತಿಳಿವಲ್ದು ನನಗ. ಮುಟ್ಟಿ ನೋಡು ಬೇಕಾದ್ರ."

ಎರಡನೆಯವಳು ಮುಟ್ಟಿದಳು. ಅವಳೂ ಬಿಡಲಿಲ್ಲ. ಮೂರನೆಯವಳು ತನ್ನ ಸರದಿ ಕಾಯದೆ ಬಂದು ತೊಗರಿ ಹೂವಿನ ಮೇಲೆ ಕೈಯಾಡಿಸಿದಳು. "ಯವ್ವಾ, ಹೂವಿಗಿ ಬಂದದ ನೋಡ್ರೇ ನಮ್ಮ ತೊಗರಿ!" ಒಬ್ಬಳು ನದಿಯಲ್ಲಿ ಬೆರಳಿಳಿಸಿ, "ಇಲ್ಲಿ ತಣ್ಣಗ ಹತ್ತತದ" ಎಂದಳು. ಒಬ್ಬ ಮುದುಕಿ ವಾಡಿಯ ಗಾಡಿಯ ಮೇಲಿನ ಜಾಳಿಗೆಯನ್ನು ಉಗುರಿನಿಂದ ಕೆರೆದು, "ಈ ಧೂಳು ಹೋಗಂಗಿಲ್ಲ ಬಿಡ್ರಿ" ಎಂದಾಗ ನಗು ಛಾವಣಿಗೆ ಬಡಿಯಿತು. ಆದರೆ ಈ ನಗು ಆಗಿನ ನಗುವಲ್ಲ. ಗುಂಡಪ್ಪ ತೊಟ್ಟಿಲನ್ನು ಬಿಟ್ಟು, ಪಡಸಾಲೆ ದಾಟಿ, ಬಾಗಿಲಲ್ಲಿ ನಿಂತಿದ್ದ ನಮ್ಮ ಓಣಿಯ ಹೆಂಗಸರ ಕೈಗೂ ಹೋಗಿ, ಎತ್ತಲೋ ಕಾಣದಾದ. ಕೂಸು ಹಳೆಯ ಕುಂಚಿಗೆಯಲ್ಲಿ ಅಕ್ಕನ ತೊಡೆಯ ಮೇಲೆ ಬೆರಗಾಗಿ ಬಿದ್ದುಕೊಂಡಿತ್ತು. ಆ ದಿನದ ದೊರೆ ತಾನೆಂದು ಅದಕ್ಕೆ ಯಾರೋ ಹೇಳಿರಬೇಕು.

"ಗುಂಡಪ್ಪನ ತರ್ರೇ! ಕೂಸಿಗಿ ಹೆಸರಿಡೂದದ, ಗುಂಡಪ್ಪಗಲ್ಲ!" ಎಂದು ಗುರುಬಾಯಿ ಅತ್ತಿ ಗದರಿಸಿದ ಮೇಲೆಯೇ ಅವನು ಮರಳಿ ಬಂದದ್ದು. ಅತ್ತಿ ಅವನನ್ನು ಇಸಿದುಕೊಂಡು ಒಂದು ಗಳಿಗೆ ಹಿಡಿದು ನಿಂತಳು. ಹೆಬ್ಬೆರಳು ಕಲ್ಲಿನ ಅಂಚಿನ ಮೇಲೆ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಹೋಯಿತು. ಆ ಚಲನೆ ನನಗೆ ಚೆನ್ನಾಗಿ ಗೊತ್ತು. ಅದೇ ತಪ್ಪಿಗೆ ನಾನು ಬಸ್ಸಿನಿಂದ ಇಳಿದು ನಡೆದದ್ದು. ಕೂಸಿಗೆ ನೀಲಮ್ಮ ಎಂದು ಹೆಸರಿಟ್ಟ ಮೇಲೆ ಹುಗ್ಗಿ ಊಟಕ್ಕೆ ಕೂತಳು. ಎರಡು ಸಲ ಹಾಕಿಸಿಕೊಂಡಳು, ಕುಂಚಿಗೆಯ ಮಾತು ಮಾತ್ರ ಎತ್ತಲಿಲ್ಲ.

ಹೊರಡುವ ಹೊತ್ತು. ಬುತ್ತಿ, ಬಾಳೆಹಣ್ಣು, ಉಡಿ ತುಂಬಿದ ಅಕ್ಕಿ, ಎಲ್ಲ ಕ್ರೂಸರಿಗೆ ಏರಿದವು. ಅಕ್ಕನೂ ಕೂಸೂ ಇನ್ನೂ ಕೆಲವು ತಿಂಗಳು ನಮ್ಮಲ್ಲೇ. ಅವ್ವ ಗುಂಡಿನ ಮೈಯಿಂದ ಕುಂಚಿಗೆ ಬಿಚ್ಚಲು ಕೈ ಹಾಕಿದಳು. ಮಡಚಿ ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

"ಬಿಚ್ಚಬ್ಯಾಡ್ರಿ" ಎಂದಳು ಅತ್ತಿ.

"ಇದು ನಮ್ಮ ಖಾರ ಅರಿಯೂ ಗುಂಡು ಅಲ್ಲೇನ್ರಿ ಬೀಗತಿ..."

"ಬಿಚ್ಚಿದ್ರ ಮತ್ಯಾರಿಗಿ ಹಾಕಿ ತೋರಸ್ಲಿ? ಕೂಸಿಗಿ ಬರಂಗಿಲ್ಲ. ನಮ್ಮನಿ ಗುಂಡು ದೊಡ್ಡದದ, ಅದಕ್ಕೂ ಬರಂಗಿಲ್ಲ. ನಮ್ಮ ಓಣ್ಯಾಗ ಮಂದಿ ನೋಡ್ಬೇಕೋ ಬ್ಯಾಡೋ?" ಎಂದವಳೇ ಕುಂಚಿಗೆ ತೊಟ್ಟ ಗುಂಡನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು, ಕೂಸನ್ನು ಇಟ್ಟುಕೊಂಡ ಹಾಗೆ. ಕ್ರೂಸರಿನ ಮುಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲೆ ಇಳಿಸಿಕೊಂಡಳು. ಸೊಸೆಯಂದಿರಲ್ಲಿ ಒಬ್ಬಳು, "ಭಾರ ಆಗ್ತದ, ಹಿಂದ ಚೀಲದಾಗ ಇಡ್ತೀನಿ ಕೊಡ್ರಿ ಅತ್ತಿ" ಎಂದಳು. "ಚೀಲದಾಗ ಇಟ್ರ ತೊಗರಿ ಮುದುಡ್ತದ" ಎಂದು ಅತ್ತಿ ಸೆರಗು ಎಳೆದು ಅದಕ್ಕೆ ಧೂಳು ಹತ್ತದಂತೆ ಹೊದಿಸಿದಳು. ಆಮೇಲೆ ನನ್ನತ್ತ ನೋಡಿ, "ಮಲ್ಲೂ, ನೀಲಮ್ಮಗ ಇನ್ನೊಂದು ಮಾಡು. ದೊಡ್ಡದು. ಸುಲೇಪೇಟ ಮ್ಯಾಲ ಇರ್ಲಿ" ಎಂದಳು. ಗಾಡಿ ಹೊರಟಿತು.

ಮರುದಿನ ಬೆಳಿಗ್ಗೆ ನಾನು ಹಾಸಿಗೆಯಲ್ಲಿದ್ದಾಗಲೇ ಪಕ್ಕದ ಮನೆಯ ಈರಮ್ಮಕ್ಕ ಹಿತ್ತಲ ಬಾಗಿಲಿಗೆ ಬಂದು ಕೇಳುತ್ತಿದ್ದಳು. ಅವಳ ಮಿಕ್ಸರ್ ಕೆಟ್ಟಿತ್ತಂತೆ, ಶೇಂಗಾ ಚಟ್ನಿ ಕುಟ್ಟಲು ನಮ್ಮ ಗುಂಡುಕಲ್ಲು ಬೇಕಿತ್ತಂತೆ. ಅವ್ವ ಬೇಕೆಂದೇ ಅಂಗಳಕ್ಕೆ ಬಂದು ನಿಂತು, ಎದುರಿನ ಮನೆಗೂ ಅದರಾಚೆಯ ಮನೆಗೂ ಮುಟ್ಟುವಷ್ಟು ದನಿಯಲ್ಲಿ ಉತ್ತರ ಕೊಟ್ಟಳು:

"ಗುಂಡು ಮನ್ಯಾಗ ಇಲ್ಲವ್ವ ಈರಮ್ಮ. ನನ್ನ ಮಗ ಹೊಲಿದ ಕುಂಚಿಗಿ ಹಾಕ್ಕೊಂಡು ಸುಲೇಪೇಟಕ ಹೋಗ್ಯಾದ, ಬೀಗರ ಮನಿಗಿ. ಯಾವಾಗ ಬರ್ತದೋ ಗೊತ್ತಿಲ್ಲ!"